ಗ್ರಂಥದೊಂದಿಗೆ ಬಾಳಿದ ಸಂತ ಜೆರೋಮ್

ಸೆಪ್ಟೆಂಬರ್ 30ರಂದು ಧರ್ಮಸಭೆಯು ಸಂತ ಜೆರೋಮರ ಹಬ್ಬವನ್ನು ಆಚರಿಸುತ್ತದೆ. ನಮ್ಮ ಮನೆಗಳಲ್ಲಿ ಸಂತ ಅಂತೋನಿಯವರ ಪಟವಿದೆ, ಸಂತ ತೆರೇಸಮ್ಮನವರ ಪಟವಿದೆ. ಜೆರೋಮರ ಪಟ ಕಾಣುವುದು ಅಪರೂಪ. ಕಂಡರೂ ಅದರಲ್ಲಿ ಕೆಂಪು ಟೋಪಿ ಧರಿಸಿದ ಒಬ್ಬ ಮುದುಕ, ಪಕ್ಕದಲ್ಲೊಂದು ಸಿಂಹ. ಆ ಟೋಪಿ ಚಿತ್ರಕಾರರ ಕಲ್ಪನೆ. ಜೆರೋಮರ ಕಾಲದಲ್ಲಿ ಕೆಂಪು ಟೋಪಿಯ ಕಾರ್ಡಿನಲ್‌ಗಳಿರಲಿಲ್ಲ. ಸಿಂಹದ ಕಥೆ ಜೋರ್ದಾನ್ ನದಿಯ ದಡದಲ್ಲಿದ್ದ ಗೆರಾಸಿಮುಸ್ ಎಂಬ ಇನ್ನೊಬ್ಬ ಸಂತರದು. ಹೆಸರಿನ ಸಾಮ್ಯದಿಂದ ಇವರಿಗೆ ಅಂಟಿಕೊಂಡಿತು. ಆದರೂ ಜೆರೋಮರ ಸ್ವಭಾವ ಬಲ್ಲವರು ಸಿಂಹ ಅವರ ಪಕ್ಕದಲ್ಲಿರುವುದು ತಕ್ಕದ್ದೇ ಎಂದು ನಗಬಹುದು. ಅವರು ಮುಂಗೋಪಿ. ಅವರ ನಾಲಗೆಗೆ ಹೆದರದವರು ಕಡಿಮೆ.

ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚೆ ನಮ್ಮ ಅಜ್ಜ ಅಜ್ಜಿಯರು ಬಲಿಪೂಜೆಯಲ್ಲಿ ಲ್ಯಾಟಿನ್ ಭಾಷೆಯ ವಾಚನಗಳನ್ನು ಕೇಳುತ್ತಿದ್ದರಲ್ಲ, ಅವುಗಳ ಹಿಂದೆ ಬಹುಮಟ್ಟಿಗೆ ಈ ಮುಂಗೋಪಿಯ ಕೈಯಿತ್ತು. ಅರ್ಥವಾಗದೆ ಮೊಣಕಾಲೂರಿ ಕೇಳಿದ ಆ ಮಾತುಗಳನ್ನು ಬೆತ್ಲೆಹೇಮಿನಲ್ಲಿ ಕುಳಿತು, ಹಗಲನ್ನು ಇರುಳೆನ್ನದೆ, ಒಂದೊಂದಾಗಿ ಜೋಡಿಸಿದವರು ಅವರು. ಪವಿತ್ರ ಗ್ರಂಥವನ್ನು ಓದಿದರೆ ಮನುಷ್ಯ ನಿಜವಾಗಿಯೂ ಬದಲಾಗುತ್ತಾನೆಯೇ ಎಂದು ಕೇಳುವವರು ಅವರ ಬಾಳನ್ನು ನೋಡಬೇಕು. ಹುಟ್ಟುಸಂತರ ಬಾಳಿನಿಂದ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಇಂಥವರ ಬಾಳಿನಿಂದಲೇ ಸಿಗಬೇಕು.

ಜೆರೋಮರು ಸುಮಾರು 347ರಲ್ಲಿ ಸ್ತ್ರಿದೋನ್ ಎಂಬ ಊರಿನಲ್ಲಿ, ಅನುಕೂಲಸ್ಥ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ದಾಲ್ಮಾತಿಯ ಮತ್ತು ಪನ್ನೋನಿಯ ಪ್ರಾಂತ್ಯಗಳ ಗಡಿಯಲ್ಲಿದ್ದ ಆ ಊರನ್ನು ಮುಂದೆ ಗೋಥರು ನಾಶಮಾಡಿದರು. ತಂದೆ ಮಗನನ್ನು ಓದಲು ರೋಮಿಗೆ ಕಳುಹಿಸಿದರು. ದೊನಾತುಸ್ ಎಂಬ ಹೆಸರಾಂತ ವ್ಯಾಕರಣ ಪಂಡಿತರು ಅಲ್ಲಿ ಅವರ ಗುರುಗಳು. ಸಿಸೆರೊ, ವರ್ಜಿಲ್ ಮುಂತಾದವರ ಬರಹ ಹುಡುಗನ ರಕ್ತದಲ್ಲಿ ಸೇರಿಹೋಯಿತು. ಭಾನುವಾರಗಳಂದು ಗೆಳೆಯರ ಜೊತೆ ನೆಲದಡಿಯ ಸಮಾಧಿಗಳಿಗಿಳಿದು, ಕತ್ತಲಲ್ಲಿ ಪ್ರೇಷಿತರ ಹಾಗೂ ರಕ್ತಸಾಕ್ಷಿಗಳ ಗೋರಿಗಳನ್ನು ಸಂದರ್ಶಿಸುವುದಿತ್ತು. ಉಳಿದ ದಿನಗಳಲ್ಲಿ ಆ ನಗರದ ಯುವಕರ ಚಪಲವೂ ಇತ್ತು. ರೋಮಿನಲ್ಲೇ ಅವರು ದೀಕ್ಷಾಸ್ನಾನ ಪಡೆದರು. ಕೈಯಾರೆ ನಕಲು ಮಾಡಿ, ಕಷ್ಟಪಟ್ಟು ಒಂದು ಗ್ರಂಥಭಂಡಾರವನ್ನು ಕೂಡಿಸಿಕೊಂಡರು. ಮುಂದೆ ಮನೆಮಾರು, ತಂದೆತಾಯಿ, ರುಚಿಯಾದ ಊಟ ಎಲ್ಲವನ್ನೂ ಬಿಟ್ಟು ಪೂರ್ವದೇಶಕ್ಕೆ ಹೊರಟಾಗಲೂ ಆ ಪುಸ್ತಕಗಳನ್ನು ಮಾತ್ರ ಬಿಡಲು ಅವರಿಗಾಗಲಿಲ್ಲ.

ಅಂತಿಯೋಕ್ಯ ಪಟ್ಟಣದಲ್ಲಿ, ಸುಮಾರು 374ರ ತಪಸ್ಸು ಕಾಲದಲ್ಲಿ, ಅವರನ್ನು ತೀವ್ರ ಜ್ವರ ಹಿಡಿಯಿತು. ಜೊತೆಗೆ ಬಂದ ಗೆಳೆಯರಲ್ಲಿ ಕೆಲವರು ಆ ದಿನಗಳಲ್ಲೇ ತೀರಿಕೊಂಡರು. ಜೆರೋಮರ ಮೈಯೂ ತಣ್ಣಗಾಗಿ, ಸುತ್ತಲಿನವರು ಮಣ್ಣಿನ ಸಿದ್ಧತೆ ನಡೆಸಿದ್ದರು. ಆಗ ಅವರಿಗೊಂದು ಕನಸು. ಅವರನ್ನು ನ್ಯಾಯಾಸನದ ಮುಂದೆ ಎಳೆದುಕೊಂಡು ಹೋಗಲಾಗಿದೆ. ನೀನಾರೆಂದು ಕೇಳಿದಾಗ ಕ್ರೈಸ್ತನೆಂದು ಹೇಳಿಕೊಂಡರು. ಅದು ಸುಳ್ಳು, ನೀನು ಸಿಸೆರೊನ ಶಿಷ್ಯನೇ ಹೊರತು ಕ್ರಿಸ್ತರ ಶಿಷ್ಯನಲ್ಲ ಎಂಬ ತೀರ್ಪು ಬಂತು. ಚಾವಟಿ ಏಟೂ ಬಿತ್ತು. ಎಚ್ಚರವಾದಾಗ ಬೆನ್ನು ನೋಯುತ್ತಿತ್ತು ಎಂದು ಅವರೇ ಬರೆದಿಟ್ಟಿದ್ದಾರೆ.

ಕನಸನ್ನು ಕನಸೆಂದೇ ಬಿಡೋಣ. ಅದರ ಹಿಂದಿದ್ದ ಸಂಗತಿ ನಮಗೆ ಮುಖ್ಯ. ಅದುವರೆಗೆ ಜೆರೋಮರು ಉಪವಾಸವಿದ್ದು ಸಿಸೆರೊನನ್ನು ಓದುತ್ತಿದ್ದರು, ರಾತ್ರಿ ಜಾಗರಣೆ ಮಾಡಿ ಪಾಪಕ್ಕಾಗಿ ಕಣ್ಣೀರಿಟ್ಟ ಮೇಲೆ ನಾಟಕಗಳನ್ನು ಕೈಗೆತ್ತಿಕೊಳ್ಳುತ್ತಿದ್ದರು. ಪ್ರವಾದಿಗಳ ಗ್ರಂಥ ತೆರೆದರೆ ಅದರ ಒರಟು ಭಾಷೆ ಅವರಿಗೆ ಹೇವರಿಕೆ ತರುತ್ತಿತ್ತು. ದೇವರ ವಾಕ್ಯ ಅವರಿಗೆ ರುಚಿಸುತ್ತಿರಲಿಲ್ಲ! ಬೈಬಲ್ ಓದಲು ಕುಳಿತರೆ ಬೇಸರ ಬರುತ್ತದೆಂದು ತಪ್ಪೊಪ್ಪಿಗೆಯಲ್ಲಿ ಹೇಳಿಕೊಂಡು ಸಂಕೋಚಪಡುವವರು ಇದನ್ನು ನೆನಪಿಡಬಹುದು. ಬೈಬಲ್ ವಿದ್ವಾಂಸರ ಪಾಲಕ ಸಂತರಿಗೂ ಮೊದಲು ಬಂದದ್ದು ಬೇಸರವೇ.

ಚೇತರಿಸಿಕೊಂಡ ಮೇಲೆ ಜೆರೋಮರು ಸಿರಿಯಾದ ಕಾಲ್ಸಿಸ್ ಮರುಭೂಮಿ ಸೇರಿದರು. ಬಿಸಿಲು, ಮರಳು, ಗೋಣಿಬಟ್ಟೆ, ಬರಿನೆಲದ ಮೇಲೆ ನಿದ್ದೆ. ಒಣಗಿದ ದೇಹದೊಳಗೆ ರೋಮಿನ ನರ್ತಕಿಯರ ನೆನಪು ಮಾತ್ರ ಒಣಗಲಿಲ್ಲ. ಉಪವಾಸದಿಂದ ಸೋಲದ ಮನಸ್ಸನ್ನು ಪಳಗಿಸಲು ಅವರು ವಿಚಿತ್ರವಾದ ಮದ್ದೊಂದನ್ನು ಕಂಡುಕೊಂಡರು: ಹೀಬ್ರೂ ಭಾಷೆಯ ಕಲಿಕೆ. ಕ್ರೈಸ್ತನಾಗಿದ್ದ ಒಬ್ಬ ಯೆಹೂದ್ಯ ಮಠವಾಸಿಯ ಮುಂದೆ ಈ ಪಂಡಿತರು ಮಗುವಿನಂತೆ ಅಕ್ಷರ ತಿದ್ದಲು ಕುಳಿತರು. ಸಿಸೆರೊನ ಮಧುರ ವಾಕ್ಯಗಳಿಗೆ ಒಗ್ಗಿದ ನಾಲಗೆಗೆ ಗಂಟಲಿನಿಂದ ಹೊರಡುವ ಆ ಸ್ವರಗಳು ಕಹಿ ಬೇವು. ಎಷ್ಟೋ ಸಲ ಕೈಬಿಟ್ಟರು. ಮತ್ತೆ ಹಟತೊಟ್ಟು ಕುಳಿತರು. ಆ ಕಹಿಬೀಜದಿಂದ ಸಿಹಿಹಣ್ಣು ಬಂದದ್ದಕ್ಕೆ ಮುಪ್ಪಿನಲ್ಲಿ ದೇವರಿಗೆ ವಂದನೆ ಸಲ್ಲಿಸಿದ್ದಾರೆ.

ಹಾಗೆಂದು ಮರುಭೂಮಿ ಅವರನ್ನು ಸಾಧುವಾಗಿಸಲಿಲ್ಲ. ಸುತ್ತಲಿನ ಮಠವಾಸಿಗಳೊಡನೆ ಜಗಳವಾಡಿಕೊಂಡೇ ಅಲ್ಲಿಂದ ಹೊರಟರು. ಅಂತಿಯೋಕ್ಯದಲ್ಲಿ ಧರ್ಮಾಧ್ಯಕ್ಷ ಪೌಲಿನುಸರಿಂದ ಗುರುದೀಕ್ಷೆ ಪಡೆದರು; ತಮ್ಮ ಮಠಜೀವನವನ್ನು ಬಿಡುವುದಿಲ್ಲವೆಂಬ ಕರಾರಿನ ಮೇಲೆ. ಕಾನ್ಸ್ಟಾಂಟಿನೋಪಲಿನಲ್ಲಿ ನಾಜಿಯಾಂಜಿನ ಸಂತ ಗ್ರೆಗೋರಿಯವರ ಬಳಿ ಗ್ರಂಥದ ವ್ಯಾಖ್ಯಾನ ಕಲಿತರು. 382ರಲ್ಲಿ ಪುನಃ ರೋಮಿಗೆ ಬಂದರು.

ಅಲ್ಲಿ ಜಗದ್ಗುರು ದಮಾಸಸರು ಅವರನ್ನು ತಮ್ಮ ಕಾರ್ಯದರ್ಶಿಯನ್ನಾಗಿ ಮಾಡಿಕೊಂಡರು. ಆ ಕಾಲದಲ್ಲಿ ಶುಭಸಂದೇಶಗಳ ಲ್ಯಾಟಿನ್ ಪ್ರತಿಗಳು ಒಂದರಂತೆ ಒಂದಿರಲಿಲ್ಲ. ನಕಲು ಮಾಡುವವರು ಒಬ್ಬರು ನಿದ್ದೆಗಣ್ಣಿನಲ್ಲಿ ತಪ್ಪು ಬರೆದರೆ, ಇನ್ನೊಬ್ಬರು ತಿದ್ದುವ ಉತ್ಸಾಹದಲ್ಲಿ ಕೆಡಿಸುತ್ತಿದ್ದರು. ನಾಲ್ಕೂ ಶುಭಸಂದೇಶಗಳನ್ನು ಗ್ರೀಕ್ ಮೂಲದೊಡನೆ ಹೋಲಿಸಿ ಸರಿಪಡಿಸಲು ಜಗದ್ಗುರುಗಳು ಕೇಳಿಕೊಂಡರು. ಕೆಲಸ ಮುಗಿದಾಗ ಹೊಗಳಿಕೆಗಿಂತ ತೆಗಳಿಕೆಯೇ ಹೆಚ್ಚು ಬಂತು. ಬಾಯಿಪಾಠವಾಗಿದ್ದ ಮಾತು ಬದಲಾದರೆ ಯಾರಿಗೆ ಸಹನೆ? ನಮ್ಮಲ್ಲಿಯೂ ಪ್ರಾರ್ಥನೆಯ ಒಂದು ಪದ ಬದಲಾದರೆ ದೇವಾಲಯದ ಅಂಗಳದಲ್ಲಿ ಎಷ್ಟು ಚರ್ಚೆ ನಡೆಯುತ್ತದೆಂದು ಗುರುಗಳಿಗೆ ಗೊತ್ತು. ಜೆರೋಮರು ತಮ್ಮ ಟೀಕಾಕಾರರನ್ನು ಎರಡು ಕಾಲಿನ ಕತ್ತೆಗಳಿಗೆ ಹೋಲಿಸಿ ಪತ್ರ ಬರೆದರು.

ರೋಮಿನಲ್ಲಿ ಅವರ ಕೆಲಸ ಬೇರೂರಿದ್ದು ಜಗದ್ಗುರುಗಳ ಕಚೇರಿಗಿಂತ ಒಂದು ಮನೆಯಲ್ಲಿ. ಅವೆಂತೀನೆ ಗುಡ್ಡದ ಮೇಲೆ ಮಾರ್ಸೆಲ್ಲಾ ಎಂಬ ಶ್ರೀಮಂತ ವಿಧವೆಯ ಮನೆಯಿತ್ತು. ಅಲ್ಲಿ ಕೆಲವು ಮಹಿಳೆಯರು ಪ್ರಾರ್ಥನೆಗೂ ಗ್ರಂಥಪಠಣಕ್ಕೂ ಕೂಡುತ್ತಿದ್ದರು. ಮಾರ್ಸೆಲ್ಲಾ ಸುಮ್ಮನೆ ತಲೆದೂಗುವ ಕೇಳುಗಳಲ್ಲ. ಜೆರೋಮರು ಹೇಳಿದ್ದನ್ನೆಲ್ಲ ಪರೀಕ್ಷಿಸದೆ ಆಕೆ ಒಪ್ಪುತ್ತಿರಲಿಲ್ಲ. ಹೀಬ್ರೂ ಪದಗಳ ಅರ್ಥ ಕೇಳಿ ಕೇಳಿ ಅವರನ್ನು ದಣಿಸುತ್ತಿದ್ದರು. ಜೆರೋಮರು ರೋಮ್ ಬಿಟ್ಟ ಮೇಲೆ ಗುರುಗಳು ಕೂಡ ಗ್ರಂಥದ ಸಂದೇಹಗಳಿಗೆ ಆಕೆಯ ಬಳಿ ಹೋಗುತ್ತಿದ್ದರಂತೆ. ಆ ಗುಂಪಿನಲ್ಲಿದ್ದ ಇನ್ನೊಬ್ಬರು ಪೌಲಾ. ರೋಮಿನ ಹಳೆಯ ಕುಲೀನ ವಂಶ, ಐವರು ಮಕ್ಕಳ ತಾಯಿ, ಗಂಡನನ್ನು ಕಳೆದುಕೊಂಡವರು. ಪೌಲಾ ಹೀಬ್ರೂ ಕಲಿತು, ಲ್ಯಾಟಿನ್ ಉಚ್ಚಾರಣೆಯ ಸೋಂಕಿಲ್ಲದೆ ಕೀರ್ತನೆಗಳನ್ನು ಹಾಡುವಷ್ಟು ಪ್ರವೀಣರಾದರು. ಗುರುವಿಗಿಂತ ಶಿಷ್ಯೆಯ ಕಲಿಕೆ ಚುರುಕಾಗಿತ್ತು.

ಈ ಕುಟುಂಬದಲ್ಲಿ ನಡೆದ ಒಂದು ಸಾವನ್ನು ಮರೆಮಾಚುವಂತಿಲ್ಲ. ಪೌಲಾರ ಹಿರಿಯ ಮಗಳು ಬ್ಲೆಸಿಲ್ಲಾ ಮದುವೆಯಾಗಿ ಏಳೇ ತಿಂಗಳಲ್ಲಿ ವಿಧವೆಯಾದಳು. ಕಾಯಿಲೆ ಬಿದ್ದೆದ್ದ ಮೇಲೆ ಒಡವೆವಸ್ತ್ರ ಬಿಟ್ಟು ಕಠಿಣ ವ್ರತ ಹಿಡಿದಳು. ಜೆರೋಮರು ಆಕೆಗೆ ಉಪದೇಶಕ ಗ್ರಂಥದ ಅರ್ಥ ಹೇಳಿಕೊಡುತ್ತಿದ್ದರು. ಕೆಲವೇ ತಿಂಗಳಲ್ಲಿ, 384ರಲ್ಲಿ, ಆ ಇಪ್ಪತ್ತರ ಹುಡುಗಿ ತೀರಿಕೊಂಡಳು. ಶವಯಾತ್ರೆಯಲ್ಲಿ ತಾಯಿ ಮೂರ್ಛೆಹೋದರು. ಮಠವಾಸಿಗಳ ಉಪವಾಸವೇ ಹುಡುಗಿಯನ್ನು ಕೊಂದಿತೆಂದು ಜನ ಸಿಟ್ಟಾದರು. ಆಗ ಜೆರೋಮರು ಪೌಲಾರಿಗೆ ಬರೆದ ಪತ್ರದಲ್ಲಿ ಸಾಂತ್ವನವಿದೆ, ಅವರದೇ ಕಣ್ಣೀರೂ ಇದೆ. ಆದರೆ ಅತಿಯಾಗಿ ಅಳಬಾರದೆಂಬ ಗದರಿಕೆಯೂ ಇದೆ. ಮಗಳನ್ನು ಮಣ್ಣು ಮಾಡಿ ಬಂದ ತಾಯಿಗೆ ಆ ಗದರಿಕೆ ಬೇಕಿತ್ತೇ? ಲಾಜರನ ಸಮಾಧಿಯ ಮುಂದೆ ಪ್ರಭು ಯೇಸುವೇ ಅತ್ತದ್ದು ಜೆರೋಮರಿಗೆ ತಿಳಿಯದ್ದೇನಲ್ಲ. ಗ್ರಂಥ ತಲೆಯಲ್ಲಿ ಇಳಿಯುವಷ್ಟು ಬೇಗ ಎದೆಯಲ್ಲಿ ಇಳಿಯುವುದಿಲ್ಲ ಎಂಬುದಕ್ಕೆ ಈ ಪತ್ರವೇ ಸಾಕ್ಷಿಯೆಂದು ನಾನು ತಿಳಿಯುತ್ತೇನೆ.

ಅದೇ ವರ್ಷದ ಕೊನೆಯಲ್ಲಿ ದಮಾಸಸರು ನಿಧನರಾದರು. ರಕ್ಷಣೆಗೆ ಯಾರೂ ಇಲ್ಲದಾದಾಗ ಜೆರೋಮರ ಹಾಗೂ ಪೌಲಾರ ಹೆಸರು ಸೇರಿಸಿ ಇಲ್ಲಸಲ್ಲದ ಮಾತುಗಳು ಹುಟ್ಟಿಕೊಂಡವು. 385ರ ಆಗಸ್ಟಿನಲ್ಲಿ ಜೆರೋಮರು ರೋಮಿಗೆ ಬೆನ್ನು ಮಾಡಿದರು. ಸ್ವಲ್ಪ ಕಾಲದ ನಂತರ ಪೌಲಾ ಮಗಳು ಯೂಸ್ತೋಕಿಯಮಳನ್ನು ಕರೆದುಕೊಂಡು ಅದೇ ದಾರಿ ಹಿಡಿದರು. ಬಂದರಿನಲ್ಲಿ ಚಿಕ್ಕ ಮಗ ತೊಕ್ಸೋತಿಯುಸ್ ಕೈಚಾಚಿ ಅಂಗಲಾಚಿದ. ಪ್ರಾಯಕ್ಕೆ ಬಂದಿದ್ದ ಮಗಳು ರುಫೀನಾ ಮಾತಾಡದೆ ಅತ್ತಳು. ತಾಯಿ ಮುಖ ತಿರುಗಿಸಿಕೊಂಡು ಹಡಗಿನಲ್ಲಿ ನಿಂತರು. ಜೆರೋಮರು ಇದನ್ನು ವೀರಕೃತ್ಯವೆಂದು ಕೊಂಡಾಡಿದ್ದಾರೆ. ಕುಟುಂಬಗಳ ಕಣ್ಣೀರು ದಿನವೂ ಕಾಣುವ ನನಗೆ ಆ ಪುಟವನ್ನು ಸರಾಗವಾಗಿ ಓದಲಾಗುವುದಿಲ್ಲ. ದಡದಲ್ಲಿ ನಿಂತ ಆ ಹುಡುಗನ ಮಾತು ಮುಂದೆ ಮತ್ತೆ ಬರುತ್ತದೆ.

ಈಜಿಪ್ಟಿನ ಮಠಗಳನ್ನು ಸಂದರ್ಶಿಸಿ 386ರಲ್ಲಿ ಎಲ್ಲರೂ ಬೆತ್ಲೆಹೇಮಿನಲ್ಲಿ ನೆಲೆನಿಂತರು. ಪೌಲಾ ತಮ್ಮ ಆಸ್ತಿಯನ್ನೆಲ್ಲ ಸುರಿದು ಪುರುಷರಿಗೊಂದು ಮಠ, ಸ್ತ್ರೀಯರಿಗೆ ಕನ್ಯಾಮಠಗಳು, ಯಾತ್ರಿಕರಿಗೊಂದು ಛತ್ರ ಕಟ್ಟಿಸಿದರು. ಮರಿಯಮ್ಮನವರಿಗೂ ಜೋಸೆಫರಿಗೂ ಇಳಿದುಕೊಳ್ಳಲು ಜಾಗ ಸಿಗದ ಊರಿನಲ್ಲಿ ಇನ್ನು ಯಾರಿಗೂ ಹಾಗಾಗಬಾರದೆಂಬುದು ಅವರ ಆಸೆ. ಕನ್ಯಾಮಠದಲ್ಲಿ ಪ್ರತಿದಿನ ಹೊತ್ತುಹೊತ್ತಿಗೆ ಕೀರ್ತನೆಗಳ ಗಾಯನ. ಕೀರ್ತನೆಗಳನ್ನು ಕಂಠಪಾಠ ಮಾಡದೆ ಯಾರಿಗೂ ಬಿಡುಗಡೆಯಿಲ್ಲ.

ಅಲ್ಲಿ ಜೆರೋಮರು ಹಳೆಯ ಒಡಂಬಡಿಕೆಯನ್ನು ಹೀಬ್ರೂ ಮೂಲದಿಂದಲೇ ಲ್ಯಾಟಿನ್ನಿಗೆ ತರಲು ತೊಡಗಿದರು. ಸುಮಾರು 390ರಿಂದ 405ರವರೆಗೆ, ಹದಿನೈದು ವರ್ಷಗಳ ದುಡಿಮೆ. ಬಾರಾನೀನಾ ಎಂಬ ಯೆಹೂದ್ಯ ಗುರು ತನ್ನವರಿಗೆ ಹೆದರಿ ರಾತ್ರಿ ಹೊತ್ತು ಬಂದು ಪಾಠ ಹೇಳುತ್ತಿದ್ದರು. ಯೋಬನ ಗ್ರಂಥದ ಕಠಿಣ ಭಾಷೆ ಬಿಡಿಸಲು ಇನ್ನೊಬ್ಬ ಗುರುವಿಗೆ ಹೇರಳ ಹಣ ತೆತ್ತರು. ತೋಬಿತನ ಗ್ರಂಥ ಅರಮಾಯಿಕ್ ಭಾಷೆಯಲ್ಲಿತ್ತು. ಎರಡೂ ಭಾಷೆ ಬಲ್ಲವರೊಬ್ಬರು ಹೀಬ್ರೂವಿನಲ್ಲಿ ಹೇಳಿದಂತೆ ಜೆರೋಮರು ಲ್ಯಾಟಿನ್ನಿನಲ್ಲಿ ಹೇಳಿ ಬರೆಸಿ, ಒಂದೇ ದಿನದಲ್ಲಿ ಮುಗಿಸಿದರು. ಮುಂದೆ ವಲ್ಗೇಟ್ ಎಂಬ ಹೆಸರು ಪಡೆದ ಬೈಬಲಿನಲ್ಲಿ ಎಲ್ಲವೂ ಅವರದಲ್ಲ. ಸುಜ್ಞಾನ ಗ್ರಂಥ, ಮಕ್ಕಬಿಯರ ಗ್ರಂಥಗಳಂಥವು ಹಳೆಯ ಅನುವಾದದಲ್ಲೇ ಉಳಿದವು. ಬಹುಭಾಗ ಅವರದೇ. 1546ರಲ್ಲಿ ತ್ರೆಂತ್ ಮಹಾಸಭೆ ಆ ಪಾಠವನ್ನು ಅಧಿಕೃತವೆಂದು ಸಾರಿತು.

ಆಗಲೂ ಜನ ಕೈಮುಗಿದು ಸ್ವೀಕರಿಸಲಿಲ್ಲ. ಆಫ್ರಿಕಾದ ಒಯಾ ಪಟ್ಟಣದಲ್ಲಿ ಧರ್ಮಾಧ್ಯಕ್ಷರು ಯೋನನ ಗ್ರಂಥವನ್ನು ಜೆರೋಮರ ಅನುವಾದದಲ್ಲಿ ಓದಿಸಿದರು. ಪ್ರವಾದಿಗೆ ನೆರಳು ಕೊಟ್ಟ ಗಿಡ ಅದುವರೆಗೆ ಸೋರೆಬಳ್ಳಿಯಾಗಿತ್ತು. ಜೆರೋಮರು ಐವಿ ಬಳ್ಳಿ ಎಂದಿದ್ದರು. ತಲತಲಾಂತರದಿಂದ ಕೇಳಿದ ಮಾತು ತಪ್ಪಿತೆಂದು ದೇವಾಲಯದಲ್ಲಿ ಗದ್ದಲವೆದ್ದಿತು. ಭಕ್ತರೆಲ್ಲ ಕೈಬಿಟ್ಟುಹೋಗುವ ಭಯದಿಂದ ಧರ್ಮಾಧ್ಯಕ್ಷರು ತಿದ್ದಿಕೊಳ್ಳಬೇಕಾಯಿತು. ಇದನ್ನು ಸಂತ ಅಗಸ್ಟೀನರು ಸುಮಾರು 403ರಲ್ಲಿ ಜೆರೋಮರಿಗೆ ಬರೆದರು. ಅಗಸ್ಟೀನರ ಮೊದಲ ಪತ್ರವೊಂದು ತಮಗೆ ತಲುಪುವ ಮುಂಚೆಯೇ ಊರೆಲ್ಲ ಸುತ್ತಿದ್ದರಿಂದ ಜೆರೋಮರು ಆಗಲೇ ಕುದಿಯುತ್ತಿದ್ದರು. ಇಬ್ಬರು ಸಂತರ ನಡುವೆ ಕೆಲಕಾಲ ಬಿಸಿಮಾತು ಹರಿದಾಡಿತು. ಆದರೂ ಪತ್ರ ನಿಲ್ಲಲಿಲ್ಲ; ವರ್ಷಗಳು ಕಳೆದಂತೆ ಆ ಬಿಸಿ ಆರಿ ನಿಜವಾದ ಗೌರವ ಉಳಿಯಿತು. ಬಾಲ್ಯದ ಗೆಳೆಯ ರುಫಿನುಸರ ವಿಷಯದಲ್ಲಿ ಇಷ್ಟೂ ಆಗಲಿಲ್ಲ. ಒರಿಜೆನರ ಬೋಧನೆಯ ಬಗ್ಗೆ ಹುಟ್ಟಿದ ಜಗಳ ರುಫಿನುಸರು ಸತ್ತ ಮೇಲೂ ಜೆರೋಮರ ಲೇಖನಿಯಲ್ಲಿ ಆರಲಿಲ್ಲ. ಸಂತರ ಚರಿತ್ರೆ ಬರೆಯುವವರು ಇಲ್ಲಿ ಬೇಗ ಬೇಗ ಪುಟ ತಿರುವುತ್ತಾರೆ. ತಿರುವಬಾರದು. ಇಡೀ ಶುಭಸಂದೇಶವನ್ನು ತಿದ್ದಿ ಕೊಟ್ಟವರಿಗೂ ಅದರಲ್ಲಿನ ಕ್ಷಮೆಯ ಒಂದು ಪುಟ ಕೊನೆಯವರೆಗೂ ಕಠಿಣ ಪಾಠವಾಗಿಯೇ ಉಳಿಯಿತು.

ಪೌಲಾ 404ರ ಜನವರಿ 26ರಂದು ತೀರಿಕೊಂಡರು. ಅದಕ್ಕೆ ಸ್ವಲ್ಪ ಮುಂಚೆ ರೋಮಿನಿಂದ ಒಂದು ಪತ್ರ ಬಂದಿತ್ತು. ದಡದಲ್ಲಿ ಅತ್ತ ಹುಡುಗ ತೊಕ್ಸೋತಿಯುಸ್ ಬೆಳೆದು ಲೇತಾ ಎಂಬಾಕೆಯನ್ನು ಮದುವೆಯಾಗಿದ್ದ. ಅವರಿಗೆ ಹೆಣ್ಣುಮಗು ಹುಟ್ಟಿತ್ತು. ಅಜ್ಜಿಯ ಹೆಸರನ್ನೇ ಇಟ್ಟು ಪೌಲಾ ಎಂದು ಕರೆದಿದ್ದರು. ಮಗುವನ್ನು ಹೇಗೆ ಬೆಳೆಸಬೇಕೆಂದು ಲೇತಾ ಕೇಳಿದ್ದರು. ಜೆರೋಮರು ಬರೆದ ಉತ್ತರವನ್ನು ತಂದೆತಾಯಂದಿರೆಲ್ಲ ಓದಬೇಕು. ಮರದಲ್ಲೋ ದಂತದಲ್ಲೋ ಅಕ್ಷರಗಳನ್ನು ಕೆತ್ತಿಸಿ ಕೊಡಿ, ಮಗು ಆಡುತ್ತಾ ಕಲಿಯಲಿ ಎನ್ನುತ್ತಾರೆ. ಅಕ್ಷರಗಳನ್ನು ಅತ್ತಿತ್ತ ಬೆರೆಸಿ ಗುರುತಿಸಲು ಬಿಡಿ. ಗೆದ್ದರೆ ಚಿಕ್ಕ ಬಹುಮಾನ ಕೊಡಿ. ನಿಧಾನವಾದರೆ ಬೈಯಬೇಡಿ, ಎಳೆಯದರಲ್ಲಿ ಓದಿನ ಮೇಲೆ ಹುಟ್ಟಿದ ಜಿಗುಪ್ಸೆ ದೊಡ್ಡವಳಾದರೂ ಹೋಗುವುದಿಲ್ಲ. ದಿನವೂ ಗ್ರಂಥದ ಒಂದಿಷ್ಟು ಭಾಗವನ್ನು ಬಾಯಿಪಾಠ ಒಪ್ಪಿಸಲಿ. ಮೊದಲು ಕೀರ್ತನೆಗಳು, ಆಮೇಲೆ ಬಾಳುವ ಬಗೆ ತಿಳಿಯಲು ಜ್ಞಾನೋಕ್ತಿಗಳು, ತಾಳ್ಮೆಗೆ ಯೋಬ. ಶುಭಸಂದೇಶವನ್ನಂತೂ ಹಿಡಿದ ಮೇಲೆ ಕೆಳಗಿಡಲೇಬಾರದು. ರೇಷ್ಮೆ, ರತ್ನಗಳಿಗಿಂತ ಪವಿತ್ರ ಗ್ರಂಥ ಆಕೆಗೆ ಪ್ರಿಯವಾಗಲಿ. ಅದರಲ್ಲೂ ಚಿನ್ನದ ಚಿತ್ತಾರವನ್ನಲ್ಲ, ಪಾಠದ ಶುದ್ಧತೆಯನ್ನು ನೋಡಲಿ. ಗಾಜಿನ ಕಪಾಟಿನಲ್ಲಿ ಚಿನ್ನದಂಚಿನ ಬೈಬಲನ್ನಿಟ್ಟು ವರ್ಷಕ್ಕೊಮ್ಮೆ ಧೂಳು ಹೊಡೆಯುವ ಮನೆಗಳು ಅಂದೂ ಇದ್ದವೋ ಏನೋ.

ಲೇತಾರ ತಂದೆ ಅನ್ಯದೇವರ ಗುಡಿಯ ಪೂಜಾರಿ. ಜೆರೋಮರು ಅವರನ್ನು ಬೈಯಲಿಲ್ಲ! ಮೊಮ್ಮಗಳು ತಾತನ ಕೊರಳಿಗೆ ಜೋತುಬಿದ್ದು, ಅವರಿಗೆ ಇಷ್ಟವಿದ್ದರೂ ಇಲ್ಲದಿದ್ದರೂ, ಅಲ್ಲೆಲೂಯ ಹಾಡಲಿ ಎಂದರು. ಬೇಕಾದರೆ ಮಗುವನ್ನು ಬೆತ್ಲೆಹೇಮಿಗೆ ಕಳುಹಿಸಿ, ಮುದುಕನಾದ ನಾನೇ ಹೆಗಲ ಮೇಲೆ ಹೊತ್ತು ತೊದಲುಮಾತು ತಿದ್ದುತ್ತೇನೆ ಎಂದೂ ಬರೆದರು. ಇಪ್ಪತ್ತು ವರ್ಷಗಳ ಹಿಂದೆ ಅಳುವ ತಾಯಿಯನ್ನು ಗದರಿದ ಕೈಯೇ ಈ ಪತ್ರವನ್ನೂ ಬರೆದದ್ದು. ನಡುವೆ ಇದ್ದದ್ದು ದಿನದಿನದ ಗ್ರಂಥದ ದುಡಿಮೆ, ಜೊತೆಯಲ್ಲಿ ಓದಿದವರ ಒಡನಾಟ.

410ರ ಆಗಸ್ಟಿನಲ್ಲಿ ಅಲಾರಿಕನ ಗೋಥ್ ಸೇನೆ ರೋಮನ್ನು ಸೂರೆಮಾಡಿತು. ಸುದ್ದಿ ಬೆತ್ಲೆಹೇಮಿಗೆ ಬಂದಾಗ ಜೆರೋಮರು ಯೆಜೆಕಿಯೇಲನ ಗ್ರಂಥಕ್ಕೆ ವ್ಯಾಖ್ಯಾನ ಬರೆಯಲು ತೊಡಗಿದ್ದರು. ಮಾರ್ಸೆಲ್ಲಾ ತೀರಿಕೊಂಡರೆಂದು ತಿಳಿಯಿತು. ಸೈನಿಕರು ಆಕೆಯನ್ನು ಹೊಡೆದಿದ್ದರು. ಬಹಳ ದಿನ ಜೆರೋಮರ ಬಾಯಿ ಕಟ್ಟಿತು, ಬರವಣಿಗೆ ನಿಂತಿತು. ಅಷ್ಟರಲ್ಲಿ ಹಡಗುಗಳಲ್ಲಿ ನಿರಾಶ್ರಿತರು ಬರತೊಡಗಿದರು. ನಿನ್ನೆಯ ಶ್ರೀಮಂತರು ಇಂದು ಭಿಕ್ಷುಕರಾಗಿ ಛತ್ರದ ಬಾಗಿಲಲ್ಲಿ ನಿಂತರು. ಎಲ್ಲರಿಗೂ ಊಟ, ಬಟ್ಟೆ ಒದಗಿಸುವ ಶಕ್ತಿ ಮಠಕ್ಕಿರಲಿಲ್ಲ. ಗ್ರಂಥದ ಮಾತನ್ನು ವಿವರಿಸುವುದನ್ನು ಬದಿಗಿಟ್ಟು, ಆ ಮಾತನ್ನು ಕೆಲಸವಾಗಿ ಅನುವಾದಿಸಬೇಕಾದ ಹೊತ್ತು ಬಂದಿದೆಯೆಂದು ಜೆರೋಮರು ಕಂಡುಕೊಂಡರು. ಯಾವ ಅಡ್ಡಿಯನ್ನೂ ಸಹಿಸದ ಆ ಪಂಡಿತರು ಹಗಲೆಲ್ಲ ಬಂದವರ ಆರೈಕೆಗೆ ನಿಂತರು. ಯೆಜೆಕಿಯೇಲನಿಗೆ ಉಳಿದದ್ದು ಕದ್ದುಕೊಂಡ ರಾತ್ರಿಯ ಗಳಿಗೆಗಳು. ದೀಪದ ಬೆಳಕಿನಲ್ಲಿ ಹೀಬ್ರೂವಿನ ಸಣ್ಣ ಅಕ್ಷರಗಳು ಮುದಿಗಣ್ಣಿಗೆ ಕಾಣುತ್ತಿರಲಿಲ್ಲ. ವರ್ಷಗಳೇ ಹಿಡಿದವು, ಆದರೆ ಮುಗಿಸಿದರು.

ಅದಕ್ಕೆ ಮುಂಚೆ ಬರೆದ ಯೆಶಾಯನ ವ್ಯಾಖ್ಯಾನದ ಮುನ್ನುಡಿಯಲ್ಲಿ ಅವರು ಗ್ರಂಥವನ್ನರಿಯದಿರುವುದನ್ನೂ ಕ್ರಿಸ್ತರನ್ನರಿಯದಿರುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರು. ಆ ಮಾತನ್ನು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ದೈವಪ್ರಕಟಣೆಯ ಕುರಿತಾದ ಪತ್ರದಲ್ಲಿ ಎತ್ತಿಕೊಂಡು, ಗುರುಗಳಿಗಷ್ಟೇ ಅಲ್ಲ, ಎಲ್ಲ ಭಕ್ತರಿಗೂ ಅನ್ವಯಿಸಿತು. ಜಗದ್ಗುರು ಫ್ರಾನ್ಸಿಸರು 2019ರಲ್ಲಿ ಜೆರೋಮರ ಹಬ್ಬದಂದೇ ದೇವರ ವಾಕ್ಯದ ಭಾನುವಾರವನ್ನು ಸ್ಥಾಪಿಸಿದರು. ಮರುವರ್ಷ, ಜೆರೋಮರು ಗತಿಸಿ 1600 ವರ್ಷ ತುಂಬಿದಾಗ, ಅವರ ಬಗ್ಗೆಯೇ ಒಂದು ಪತ್ರ ಬರೆದರು. ನಮ್ಮ ಧರ್ಮಕೇಂದ್ರಗಳಲ್ಲಿ ಆ ಭಾನುವಾರ ಬೈಬಲನ್ನು ಮೆರವಣಿಗೆಯಲ್ಲಿ ತರುತ್ತೇವೆ. ಮೆರವಣಿಗೆ ಚೆನ್ನ. ಸೋಮವಾರ ಅದೇ ಗ್ರಂಥ ಮನೆಯಲ್ಲಿ ಎಲ್ಲಿರುತ್ತದೆಂದು ಮನೆಯವರೇ ಹೇಳಬೇಕು.

ಕೊನೆಯ ವರ್ಷಗಳು ಶಾಂತವಾಗಿರಲಿಲ್ಲ. 416ರಲ್ಲಿ ಒಂದು ಗುಂಪು ಮಠಗಳ ಮೇಲೆ ಬಿದ್ದು ಬೆಂಕಿಯಿಟ್ಟಿತು. ಒಬ್ಬ ಉಪಯಾಜಕ ಸತ್ತ. ಮುದುಕ ಜೆರೋಮರು ಗೋಪುರವೊಂದರಲ್ಲಿ ಅಡಗಿ ಉಳಿದರು. ಮೂರು ದಶಕಗಳಿಗೂ ಹೆಚ್ಚು ಕಾಲ ಜೊತೆಯಲ್ಲಿದ್ದ ಯೂಸ್ತೋಕಿಯಂ ಅವರಿಗಿಂತ ಮುಂಚೆ ತೀರಿಕೊಂಡಳು. ಆ ಹೊತ್ತಿಗೆ ಕನ್ಯಾಮಠದಲ್ಲಿ ಇನ್ನೊಬ್ಬ ಪೌಲಾ ಇದ್ದಳು: ಲೇತಾರ ಮಗಳು, ದಡದಲ್ಲಿ ನಿಂತು ಅತ್ತ ಹುಡುಗನ ಕೂಸು. ಮರದ ಅಕ್ಷರಗಳ ಆಟದ ಬಗ್ಗೆ ಯಾರಿಗಾಗಿ ಪತ್ರ ಹೋಗಿತ್ತೋ ಆಕೆಯೇ ಬೆಳೆದು, ಮುದಿ ಗುರುವಿನ ಕೊನೆಗಾಲದಲ್ಲಿ ಬಳಿಯಿದ್ದಳು. ಜೆರೋಮರು 420ರ ಸೆಪ್ಟೆಂಬರ್ 30ರಂದು ಕಣ್ಣುಮುಚ್ಚಿದರು. ಪ್ರಭು ಜನಿಸಿದ ಗವಿಯ ಹತ್ತಿರ ಅವರನ್ನು ಮಣ್ಣು ಮಾಡಿದರು. ಆಗ ಅವರು ಯೆರೆಮೀಯನ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಿದ್ದರು. 32ನೇ ಅಧ್ಯಾಯದವರೆಗೆ ಬಂದಿತ್ತು.